ಪೂವಪ್ಪನ ಬಲಗೈ

ಪೂವಪ್ಪನ ಬಲಗೈ ಬಿದ್ದುಹೋದದ್ದು ತೊಂಬತ್ತೊಂದರಲ್ಲಿ. ಗಲ್ಫಿನ ಅಲ್ ಖುವೈರಿನಲ್ಲಿ ಒಂದು ಕಂಪನಿಯ ಮೆಸ್ಸಿಗೆ ಅವನೊಬ್ಬನೇ ಅಡುಗೆಯವ. ಅಡುಗೆಯವರಿಗೆ ಹೆಲ್ತ್ ಕಾರ್ಡ್ ಬೇಕು, ಕಾರ್ಡಿಗೆ ಟೈಫಾಯ್ಡ್ ಇಂಜೆಕ್ಷನ್ ಬೇಕು ಎಂದು ಕಂಪನಿಯೇ ಡಾಕ್ಟರನ್ನು ಕರೆಸಿ ಚುಚ್ಚಿಸಿತ್ತು.

ಎರಡನೇ ವಾರ ಭುಜದಲ್ಲಿ ಎದ್ದ ನೋವು ಅವನನ್ನು ಹಾಸಿಗೆಯಲ್ಲಿ ಹೊರಳಾಡಿಸಿತು. ನೋವು ಇಳಿಯಿತು, ಜೊತೆಗೆ ಕೈಯ ಬಲವೂ ಹೋಯಿತು. ಸೌಟು ಎತ್ತಲಾಗದ ಅಡುಗೆಯವನನ್ನು ಯಾವ ಕಫೀಲ್, ಯಾವ ಧಣಿ ಇಟ್ಟುಕೊಂಡಾನು? ಗಲ್ಫಿನಲ್ಲಿ ಕಾಯಿಲೆ ಬಿದ್ದವನು ಮೊದಲು ಕಲಿಯುವುದು ಬಾಯಿ ಮುಚ್ಚಿಕೊಳ್ಳುವುದನ್ನು. ಪೂವಪ್ಪನೂ ಮುಚ್ಚಿಕೊಂಡ.

ರೂಮಿನ ಜೊತೆಗಾರ, ಉಳ್ಳಾಲದ ಮುಹಿಯುದ್ದೀನ್, ನೆಲ ಒರೆಸುವ ಕೆಲಸಕ್ಕೆ ಬಂದವನು. ಬೆಳಗ್ಗೆ ಪೂವಪ್ಪನ ಅಂಗಿಯ ಗುಂಡಿ ಹಾಕಿ, ಅಡುಗೆಮನೆಯ ಚಿಲಕ ಜಡಿದು, ಅವನೇ ಅನ್ನ ಬಸಿದ, ಸಾರು ಕುದಿಸಿದ. ಪೂವಪ್ಪ ಪಕ್ಕದಲ್ಲಿ ನಿಂತು ಉಪ್ಪಿನ ಅಳತೆ ಹೇಳಿದ. ಊಟದ ರುಚಿ ಒಂದು ದಿನವೂ ಕೆಡಲಿಲ್ಲ. ಅದೇ ಮುಳುವಾಯಿತು ನೋಡಿ!

ಎರಡು ತಿಂಗಳಿಗೆ ಕೈ ಬತ್ತತೊಡಗಿತು, ಮುಚ್ಚಿಡಲಾಗಲಿಲ್ಲ. ಇಂಜೆಕ್ಷನ್ನಿನಿಂದಲೇ ಆದದ್ದೆಂದು ಸಾಬೀತಾದರೆ ಚಿಕಿತ್ಸೆ, ಪರಿಹಾರ ಎರಡೂ ಕಂಪನಿಯದು. ಇಲ್ಲವಾದರೆ ವೀಸಾ ಕ್ಯಾನ್ಸಲ್, ಸತ್ತ ಕೈ ಹೊತ್ತು ಊರಿನ ದಾರಿ.

ಸಿಬ್ಬಂದಿ ನೋಡಿಕೊಳ್ಳುವ ಎಡ್ವರ್ಡ್ ಮಂಗಳೂರಿನವರು, ಕೆಟ್ಟವರಲ್ಲ.

“ಇಂಜೆಕ್ಷನ್ನಿಂದ ಹೀಗೆ ಆಗುವುದುಂಟಂತೆ ಪೂವಪ್ಪ. ಆದರೆ ಕೆಲವು ವಾರದೊಳಗೆ ಆಗಬೇಕಂತೆ. ನೀವು ಎರಡು ತಿಂಗಳು ಬೇಯಿಸಿ ಹಾಕಿದ್ದೀರಿ, ನಾನೇ ಉಂಡಿದ್ದೇನೆ ಮಾರಾಯ್ರೆ! ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು, ಅಷ್ಟೇ ಅಂತಾರೆ ಡಾಕ್ಟರು.”

“ಕೊಂಬೆ ಆಗಲೇ ಮುರಿದಿತ್ತು ಸರ್.”

“ನೋಡಿದವರು ಯಾರಾದರೂ ಉಂಟಾ? ಒಬ್ಬ ಹೇಳಿದರೆ ಸಾಕು, ನಾನು ಮೇಲಕ್ಕೆ ಬರೆಯುತ್ತೇನೆ.”

ಬಾಗಿಲ ಬಳಿ ನೆಲ ಒರೆಸುತ್ತಿದ್ದ ಮುಹಿಯುದ್ದೀನ್ ಕೋಲು ಬಿಟ್ಟು ಒಳಗೆ ಬಂದ. ಪೂವಪ್ಪ ತಿರುಗಿ ನೋಡಿದ. ಇಂಜೆಕ್ಷನ್ನೂ ಇಲ್ಲದ, ಕಾರ್ಡೂ ಇಲ್ಲದ ಇವನು ಊರಿಗೆಲ್ಲ ಅಡುಗೆ ಮಾಡಿ ಬಡಿಸಿದ ಎಂದು ಗೊತ್ತಾದರೆ ಇವನ ಕೆಲಸವೂ ಅಂದೇ ಖಲಾಸ್.

“ಸರ್, ನಾನು...”

“ಅವನಿಗೆ ಎಂತ ಗೊತ್ತು ಸರ್? ನೆಲ ಒರೆಸುವವ,” ಎಂದ ಪೂವಪ್ಪ. “ನೋಡಿದವರು ಯಾರೂ ಇಲ್ಲ. ಅಡುಗೆ ಮಾಡಿದ್ದು ನಾನೇ.”

ಆಫೀಸಿನ ಮೆಟ್ಟಿಲಲ್ಲಿ ಮುಹಿಯುದ್ದೀನ್ ಅತ್ತೇಬಿಟ್ಟ. “ನಿಮಗೆ ತಲೆ ಸಮ ಉಂಟಾ ಪೂವಪ್ಪಣ್ಣ? ನಾನು ಹೇಳುತ್ತಿದ್ದೆ!”

“ಹೇಳಿ? ಇಬ್ಬರೂ ಒಂದೇ ವಿಮಾನ ಹತ್ತುವುದಾ? ಸಾಕು ಮಾರಾಯ, ಒದ್ದಾಡಿ ಒದ್ದಾಡಿ ನನಗೆ ಬಚ್ಚಿಹೋಯಿತು.”

ವೀಸಾ ಕ್ಯಾನ್ಸಲ್ ಆಯಿತು; ಹೊಸ ಅಡುಗೆಯವ ಬರುವವರೆಗೆ ಹೇಗಾದರೂ ಸುಧಾರಿಸಿ ಎಂದು ಪೂವಪ್ಪನಿಗೆ ಹೇಳಿದ್ದರು ಎಡ್ವರ್ಡ್. ಹೊರಡುವ ದಿನ ಪೂವಪ್ಪ ಪಾಸ್‌ಪೋರ್ಟಿಗಾಗಿ ಬೆಳಗ್ಗಿನಿಂದ ಆಫೀಸಿನಲ್ಲಿ ಕಾದು ಕೂತು, ಮಧ್ಯಾಹ್ನ ಪೆಟ್ಟಿಗೆ ಹಿಡಿದು ಮೆಸ್ಸಿಗೆ ಬಂದ. ಎಡ್ವರ್ಡ್ ಮೊದಲ ತುತ್ತಿಗೇ ತಲೆ ಎತ್ತಿದರು.

“ಇವತ್ತು ಸಾರಿಗೆ ಉಪ್ಪೇ ಇಲ್ಲವಲ್ಲ!”

ಅಡುಗೆಮನೆಯ ಬಾಗಿಲಲ್ಲಿ ಮುಹಿಯುದ್ದೀನ್ ಸೌಟು ಹಿಡಿದುಕೊಂಡೇ ನಿಂತಿದ್ದ. ಎಡ್ವರ್ಡ್ ಅವನನ್ನು ನೋಡಿದರು, ಪೂವಪ್ಪನ ಜೋತುಬಿದ್ದ ಕೈಯನ್ನು ನೋಡಿದರು.

“ನನ್ನ ಕೈ ತಪ್ಪಿತು ಸರ್,” ಎಂದ ಪೂವಪ್ಪ.

ಎಡ್ವರ್ಡ್ ಉಪ್ಪು ಕೇಳಲಿಲ್ಲ. ಹಾಗೆಯೇ ಕಲಸಿಕೊಂಡು ತಟ್ಟೆ ಖಾಲಿ ಮಾಡಿದರು.