ತೊಳೆಯದೆ ಉಳಿದ ಕಲ್ಲು

ಆ ಬೀದಿಯ ಕ್ಷೌರಿಕನಿಗೆ ಮಾತೆಂದರೆ ಅಷ್ಟಕ್ಕಷ್ಟೆ. ಕೂದಲು ಎಷ್ಟು ಕತ್ತರಿಸಲಿ ಎಂದು ಕೇಳಿದರೆ ಅಲ್ಲಿಗೆ ಮುಗಿಯಿತು. ಗಿರಾಕಿಗಳಿಗೆ ಬೇಸರವಾದೀತೆಂದು ಕನ್ನಡಿಯ ಪಕ್ಕದಲ್ಲಿ ದೊಡ್ಡ ಗಾಜಿನ ತೊಟ್ಟಿ ಇಟ್ಟು, ಉಪ್ಪುನೀರು ತುಂಬಿ, ಸಮುದ್ರದ ಮೀನು ಬಿಟ್ಟಿದ್ದ. ತೊಟ್ಟಿಯೊಳಗೆ ಮೈತುಂಬ ತೂತಿದ್ದ ಕಲ್ಲುಗಳ ರಾಶಿ. ಅವುಗಳ ಮೇಲೆ ಕಂದು, ನೇರಳೆ ಪಾಚಿ ಹಿಡಿದಿತ್ತು. ಜನ ಮೀನು ನೋಡುತ್ತ ಕತ್ತು ಅಲ್ಲಾಡಿಸದೆ ಕೂರುತ್ತಿದ್ದರು. ಅವನ ಕತ್ತರಿಗೂ ಅದೇ ಬೇಕಿತ್ತು.

ಅವನ ಅಕ್ಕ ಕೈಗೆ ಕೆಲಸವಿಲ್ಲದಿದ್ದರೆ ಮೈಗೆ ಹುಷಾರು ತಪ್ಪುವ ಜಾತಿಯವಳು. ತಮ್ಮನ ಮನೆಯಲ್ಲಿ ಕೆಲವು ದಿನ ಇದ್ದು ಹೋಗೋಣವೆಂದು ಬಂದವಳು, ಅವನು ಕತ್ತರಿ ಸಾಣೆ ಹಿಡಿಸಲು ಹೋದ ರಜಾದಿನ ಅಂಗಡಿಯನ್ನೆಲ್ಲ ಗುಡಿಸಿ ಒರೆಸಿದಳು. ಆಮೇಲೆ ಕಣ್ಣು ತೊಟ್ಟಿಯ ಮೇಲೆ ಬಿತ್ತು.

ಅವನು ಮರಳಿ ಬರುವಷ್ಟರಲ್ಲಿ ಕಲ್ಲುಗಳು ಬ್ಲೀಚಿಂಗ್ ಪೌಡರಿನಲ್ಲಿ ಮಿಂದು, ಟೆರೇಸಿನ ಬಿಸಿಲಿನಲ್ಲಿ ಮೂಳೆಯಂತೆ ಬೆಳ್ಳಗೆ ಒಣಗುತ್ತಿದ್ದವು. ಬೋಳು ತೊಟ್ಟಿಯಲ್ಲಿ ಮೀನುಗಳು ಮೂಲೆ ಹಿಡಿದಿದ್ದವು.

"ಎಷ್ಟು ಕೊಳೆ ಇತ್ತು ಗೊತ್ತೇನೋ?" ಎಂದಳು ಅಕ್ಕ, ಸೆರಗಿಗೆ ಕೈ ಒರೆಸಿಕೊಳ್ಳುತ್ತ.

ಅವನು ಬೆಂಚಿನ ಮೇಲೆ ಕುಸಿದು ಕೂತ. "ಅದು ಕೊಳೆ ಅಲ್ಲ ಅಕ್ಕಾ. ಮೀನಿನ ಹೊಲಸು ನೀರಲ್ಲೇ ವಿಷ ಆಗುತ್ತೆ. ಆ ಕಲ್ಲಿನ ತೂತುಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳು ಇರ್ತವೆ. ವಿಷ ಮುರಿದು ನೀರು ಚೊಕ್ಕ ಮಾಡೋದು ಅವೇ."

ಅಕ್ಕ ಬೋಳು ತೊಟ್ಟಿಯತ್ತ ತಿರುಗಿದಳು. "ಅಂದ್ರೆ ನಾನು ತೊಳೆಯೋರನ್ನೇ ತೊಳೆದುಬಿಟ್ಟೆನಾ?"

ಮರುದಿನ ತೊಟ್ಟಿಯ ನೀರನ್ನು ಗಾಜಿನ ನಳಿಕೆಯಲ್ಲಿ ಹಿಡಿದು ಪರೀಕ್ಷೆಯ ಔಷಧಿ ಹನಿಸಿದಾಗ ಹಳದಿ ಇರಬೇಕಾದ ನೀರು ಹಸಿರಾಯಿತು. ವಿಷ ಏರುತ್ತಿತ್ತು. ಮೀನುಗಳು ಮೇಲಕ್ಕೆ ಬಂದು ಏದುಸಿರು ಬಿಡುತ್ತಿದ್ದವು. ಅವನು ಅರ್ಧ ನೀರು ಬದಲಿಸಿ, ಕಲ್ಲು ಮಾರುವವನಿಗೆ ಫೋನ್ ಮಾಡಿದ. ಹೊಸ ಸರಕು ಮುಂದಿನ ವಾರಕ್ಕೇ ಎಂಬ ಉತ್ತರ ಬಂತು.

ಒಣಗಿದ ಕಲ್ಲುಗಳನ್ನು ತರಲು ಟೆರೇಸಿಗೆ ಹೋದವನು ಕೆಳಗಿಳಿದು ಬಂದು ಕೇಳಿದ, "ಎಲ್ಲಕ್ಕಿಂತ ದೊಡ್ಡದು ಎಲ್ಲಿ?"

ಅಕ್ಕನ ಮುಖ ಸಣ್ಣದಾಯಿತು. "ಅದರ ತೂತಿಂದ ಹುಳ ಒಂದು ಇಣುಕಿತು ಕಣೋ, ಮೈತುಂಬ ಕೂದಲು. ನನಗೆ ಜೀವ ಬಾಯಿಗೆ ಬಂತು. ಬಕೆಟ್‌ನಲ್ಲಿ ಹಾಗೇ ಬಿಟ್ಟು ತಟ್ಟೆ ಮುಚ್ಚಿಟ್ಟೆ. ಬಚ್ಚಲಲ್ಲಿದೆ. ನಗ್ತೀಯ ಅಂತ ಹೇಳಲಿಲ್ಲ."

"ಬಕೆಟ್‌ನಲ್ಲಿ ಯಾವ ನೀರು?"

"ತೊಟ್ಟಿದೇ. ಮೊಗೆದಿಟ್ಟಿದ್ದೆ."

ಅವನು ಬಚ್ಚಲಿಗೆ ಓಡಿ ತಟ್ಟೆ ತೆಗೆದ. ನೇರಳೆ ಪಾಚಿ ಹಾಗೇ ಇತ್ತು. ಹುಳ ಅರ್ಧ ಆಚೆ ಬಂದು ಮತ್ತೆ ತೂತಿನೊಳಗೆ ಜಾರಿತು. ಅವನಿಗೆ ಗೋಡೆಗೆ ಒರಗಿಕೊಳ್ಳುವಷ್ಟು ನಗು ಬಂತು. ಬಾಗಿಲಲ್ಲಿ ನಿಂತಿದ್ದ ಅಕ್ಕ, "ಹುಳಾನೂ ಬದುಕಿದೆಯಾ?" ಎಂದು ಕೇಳಿ, ಇದೆ ಎಂದಾಗ ತಾನೂ ನಕ್ಕು ಕಣ್ಣೊರೆಸಿಕೊಂಡಳು.

ಆ ಕಲ್ಲು ತೊಟ್ಟಿಗೆ ಇಳಿಯಿತು. ಹೊಲಸು ಕಡಿಮೆಯಾಗಲೆಂದು ಮೀನಿಗೆ ಮೇವು ಕಡಿಮೆ ಮಾಡಿದರು. ದಿನಾ ಬೆಳಿಗ್ಗೆ ಅಕ್ಕನೇ ಉಪ್ಪು ಕಲಸಿ ಹೊಸ ನೀರು ತಯಾರಿಸಿದಳು. ಬೆಳ್ಳಗಾದ ಕಲ್ಲುಗಳನ್ನು ಬ್ಲೀಚಿನ ವಾಸನೆ ಪೂರಾ ಹೋಗುವವರೆಗೆ ನೆನೆಸಿ, ತೊಳೆದು, ದೊಡ್ಡದರ ಸುತ್ತ ಜೋಡಿಸಿದರು. ಜೀವ ಅದರಿಂದ ಇವಕ್ಕೆ ಮೆಲ್ಲಗೆ ಹಬ್ಬಬೇಕಿತ್ತು. ಹಸಿರು ಒಮ್ಮೆಲೇ ಇಳಿಯಲಿಲ್ಲ. ನಡುವೆ ಒಂದು ದಿನ ಮತ್ತೆ ಏರಿ ಇಬ್ಬರನ್ನೂ ಹೆದರಿಸಿತು.

ಕೊನೆಗೆ ಒಂದು ಮಧ್ಯಾಹ್ನ ಗಾಜಿನ ನಳಿಕೆಯಲ್ಲಿ ನೀರು ಹಳದಿಯಾಗಿಯೇ ನಿಂತಿತು. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ನಂಬದೆ ಇನ್ನೊಮ್ಮೆ ಹನಿಸಿ ನೋಡಿದಳು. ಒಂದು ಮೀನೂ ಸತ್ತಿರಲಿಲ್ಲ.

"ಈಗಾದ್ರೂ ಸ್ವಲ್ಪ ಮಲಕ್ಕೋ" ಎಂದು ತಿರುಗಿದರೆ, ತಮ್ಮ ಗಿರಾಕಿಯ ಕುರ್ಚಿಯಲ್ಲೇ ನಿದ್ದೆಹೋಗಿದ್ದ. ಅವಳು ಕ್ಷೌರದ ಬಿಳಿ ಬಟ್ಟೆಯನ್ನು ಅವನ ಕತ್ತಿನವರೆಗೆ ಹೊದಿಸಿ, ಬಾಗಿಲು ಅರ್ಧ ಎಳೆದಳು.