ಸೆರಗಿನ ತುದಿಯಲ್ಲಿ ಅಯಸ್ಕಾಂತ

ಕರೆಂಟು ಒಲೆಗೆ ಎಂಥ ಪಾತ್ರೆ ತಗೊಳ್ಳಬೇಕು ಅಂತ ಯಾರಾದರೂ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಇಡೀ ಒಂದು ವಾರ ನಾನು ಅದೇ ಕೆಲಸ ಮಾಡಿದ್ದೇನೆ. ಅದೂ ನನ್ನ ಅತ್ತೆಯನ್ನು ಜೊತೆಗೆ ಕಟ್ಟಿಕೊಂಡು.

ನಮ್ಮದು ಆತಗೂರಿನ ಕಡೆಯ ಊರು. ನಾನು ಬೆಳಗ್ಗೆ ಗೆಜ್ಜಲಗೆರೆಯ ಬಟ್ಟೆ ಕಾರ್ಖಾನೆಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆ. ಹೊಲ, ಹಸು ನಮ್ಮ ಯಜಮಾನರದು. ಅಡುಗೆಮನೆ ಅತ್ತೆಯದು. ಸಾರು ನಾನು ಮಾಡಬಹುದು, ಪಲ್ಯ ನಾನು ಮಾಡಬಹುದು, ಹಿಟ್ಟು ಮಾತ್ರ ಅವರೇ ತಿರುವಬೇಕು. ನಮ್ಮ ಕಡೆ ರಾಗಿಮುದ್ದೆಗೆ ಹಿಟ್ಟು ಅಂತಲೇ ಹೆಸರು. ಹಿಟ್ಟು ತಿರುವುವ ಕೈ ಯಾರದೋ ಮನೆ ಅವರದು.

ಈಚೆಗೆ ಅತ್ತೆಗೆ ಮರೆವು ಶುರುವಾಗಿತ್ತು. ಎರಡು ಸಲ ಗ್ಯಾಸ್ ತಿರುಗಿಸಿದವರು ಕಡ್ಡಿ ಗೀರುವುದನ್ನು ಮರೆತು, ಹಿತ್ತಲಿಗೆ ಹೋಗಿ ಪಕ್ಕದ ಮನೆಯವಳ ಜೊತೆ ಹರಟುತ್ತ ನಿಂತಿದ್ದರು. ಎರಡನೆಯ ಸಲ ನಾನು ಬಾಗಿಲು ತೆಗೆದಾಗ ವಾಸನೆಗೆ ತಲೆ ಗಿರ್ರೆಂದಿತು. ಯಜಮಾನರು ಅವತ್ತೇ ರೆಗ್ಯುಲೇಟರ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಕೈ ನನಗೆ ಕೊಟ್ಟರು. "ಅವ್ವಾ, ಇನ್ಮೇಲೆ ನೀನು ಒಲೆ ತಾವ್ಕೆ ಓಗಂಗಿಲ್ಲ" ಅಂದರು.

ಅತ್ತೆ ಹೋಗಿ ಜಗಲಿಯ ಮೇಲೆ ಕೂತರು. ಡೈರಿಗೆ ಹಾಲು ಹಾಕಲು ಹೋಗುವವರನ್ನೆಲ್ಲ ನಿಲ್ಲಿಸಿ, "ನನ್ ಮಗ ನಂಗೆ ರಿಟೈರ್ ಕೊಟ್ಟವ್ನೆ ಕಣಪ್ಪಾ, ಪಿಂಚಣಿ ಮಾತ್ರ ಇಲ್ಲ" ಅಂತ ಸಾರತೊಡಗಿದರು. ಅವರೆಲ್ಲ ನಕ್ಕು ಹೋಗುತ್ತಿದ್ದರು. ನಾನು ತಿರುವಿದ ಹಿಟ್ಟನ್ನು ಅರ್ಧ ಉಂಡು ತಟ್ಟೆ ಸರಿಸುವರು. ಮೂರು ದಿನದಲ್ಲಿ ಹೆಂಗಸು ಕುಗ್ಗಿಹೋದರು. ಒಲೆ ಬಿಟ್ಟರೆ ಇವರು ಎದ್ದು ಓಡಾಡುವುದನ್ನೂ ಬಿಡುತ್ತಾರೆ ಅಂತ ನನಗೆ ನಿಜವಾಗಿ ಹೆದರಿಕೆಯಾಯಿತು. ಬಯ್ದುಕೊಂಡೇ ಇರಲಿ, ಒಲೆಯ ಮುಂದೆ ಇರಲಿ ಅನ್ನಿಸಿತು.

ಕಾರ್ಖಾನೆಯ ಗೆಳತಿಯೊಬ್ಬಳು ಇಂಡಕ್ಷನ್ ಒಲೆಯ ವಿಷಯ ಹೇಳಿದಳು. ಬೆಂಕಿಯಿಲ್ಲ, ಮರೆತರೆ ತಾನೇ ಆರಿಹೋಗುತ್ತದಂತೆ. ಭಾನುವಾರ ಮದ್ದೂರಿಗೆ ಹೋಗಿ ತಂದೆ. ಯಜಮಾನರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಶರತ್ತು ಹಾಕಿದರು: "ಬರೋ ಬಾನುವಾರದೊಳ್ಗೆ ಇದ್ರ ಮ್ಯಾಲೆ ಅವ್ವ ಹಿಟ್ಟು ಮಾಡಿದ್ರೆ ಸರಿ. ಇಲ್ದಿದ್ರೆ ಇದು ವಾಪಸ್ಸು ಅಂಗ್ಡೀಗೆ, ಅಡ್ಗೆಮನೆ ನಿಂಗೆ."

ಅತ್ತೆ ಸಡಗರದಿಂದ ಎದ್ದು ಬಂದು ತಮ್ಮ ಅಲ್ಯೂಮಿನಿಯಂ ತಪ್ಪಲೆಯಲ್ಲಿ ನೀರಿಟ್ಟರು. ಒಲೆ ಕುಂಯ್ ಕುಂಯ್ ಅಂತ ಕೂಗಿ ಆರಿಹೋಯಿತು. ಮತ್ತೆ ಇಟ್ಟರು. ಮತ್ತೆ ಕೂಗಿತು. "ಥೂ, ಇದ್ಕೆ ನಾನು ಕಂಡ್ರಾಗಲ್ಲ!" ಅಂದರು. ಅಂಗಡಿಗೆ ಫೋನು ಮಾಡಿದರೆ, ತಳ ಮಟ್ಟಸವಾಗಿರಬೇಕು, ತಳಕ್ಕೆ ಅಯಸ್ಕಾಂತ ಅಂಟಬೇಕು, ಅಂಥ ಪಾತ್ರೆಯಷ್ಟೇ ಕಾಯುವುದು ಅಂದರು. ಯಜಮಾನರು ಕೆಟ್ಟ ರೇಡಿಯೋದ ಸ್ಪೀಕರ್ ಬಿಚ್ಚಿ ಒಳಗಿನ ಅಯಸ್ಕಾಂತ ತೆಗೆದುಕೊಟ್ಟರು. ಚಕ್ಕುಲಿಯಷ್ಟು ಅಗಲ, ಕಲ್ಲಿನಷ್ಟು ಭಾರ. ಅತ್ತೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಗುರುವಾರ ರಜೆ ಹಾಕಿ ಇಬ್ಬರೂ ಮಂಡ್ಯಕ್ಕೆ ಹೊರಟೆವು. ಬಸ್ಸಿನಲ್ಲಿ ಅತ್ತೆ ಕಂಬದ ಪಕ್ಕ ಕೂತಿದ್ದರು. ಇಳಿಯುವ ಜಾಗ ಬಂದಾಗ ಅವರು ಎದ್ದರು, ಸೆರಗು ಏಳಲಿಲ್ಲ. ಕಂಬಕ್ಕೆ ಕಚ್ಚಿಕೊಂಡಿತ್ತು. "ಅಯ್ಯೋ ಸಿವನೇ, ಯಾವನ್ಲಾ ಅವ್ನು ನನ್ ಸೆರಗಿಡ್ದಿರೋನು!" ಅಂತ ಅತ್ತೆ ಕೂಗಿದ್ದೇ ತಡ, ಹಿಂದಿನ ಸೀಟಿನ ಬಡಪಾಯಿ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟ. ಕಂಡಕ್ಟರು ಬಂದು ನೋಡಿದ. "ಏನಜ್ಜಿ, ಬಸ್ನೂ ಮನೀಗೆ ಎಳ್ಕೊಂಡೋಯ್ತೀಯಾ?" ಅಂದ. ನಾನು ಕಾಲು ಕೊಟ್ಟು ಎಳೆದು ಬಿಡಿಸಿದೆ. ಇಳಿದ ಮೇಲೆ ಅತ್ತೆ ನನಗೇ ಬಯ್ದರು, ನಿಧಾನಕ್ಕೆ ಬಿಡಿಸಬಾರದಾ, ಸೆರಗು ಹರೀತು ಅಂತ.

ಪಾತ್ರೆ ಅಂಗಡಿಯಲ್ಲಿ ಮದುವೆಗೆ ಪಾತ್ರೆ ಕೊಳ್ಳಲು ಒಂದು ಕುಟುಂಬ ಬಂದಿತ್ತು. ಅತ್ತೆ ಗಂಟು ಬಿಚ್ಚಿ ಸಾಲಿನ ಮೊದಲಿನಿಂದ ಶುರುಮಾಡಿದರು. ಫಳಫಳ ಹೊಳೆಯುವ ದುಬಾರಿ ತಪ್ಪಲೆಗಳು ಒಂದೂ ಅಂಟಲಿಲ್ಲ. ಅತ್ತೆ ಮದುವೆಯವರ ಕಡೆ ತಿರುಗಿ, "ತಗಾಬ್ಯಾಡಿ ಕಣ್ರಮ್ಮಾ, ಎಲ್ಲಾ ಡೂಪ್ಲಿಕೇಟು" ಅಂದರು. ಅಂಗಡಿಯವನು ಓಡಿಬಂದ. "ಅಜ್ಜೀ, ಒಳ್ಳೆ ಸ್ಟೀಲ್‌ಗೆ ಮ್ಯಾಗ್ನೆಟ್ ಅಂಟಲ್ಲ ಕಣಮ್ಮ!"

"ಅಂಟ್ದೇ ಇರೋದು ಒಳ್ಳೇದಾ? ಯಾವೂರ ನ್ಯಾಯ ಕಣಪ್ಪ ಇದು?"

ಮದುವೆಯ ಕಡೆಯ ಹೆಂಗಸು ಕೈಯಲ್ಲಿದ್ದ ಕೊಳಗವನ್ನು ಮೆಲ್ಲಗೆ ಕೆಳಗಿಟ್ಟಳು. ಅಂಗಡಿಯವನ ಹಣೆಯಲ್ಲಿ ಬೆವರು ಕಿತ್ತುಬಂತು. ನಮ್ಮನ್ನು ಬೇಗ ಸಾಗಹಾಕಬೇಕೆಂದು ಇಂಡಕ್ಷನ್ನಿಗೆಂದೇ ಮಾಡಿದ ಪಾತ್ರೆ ತಂದುಕೊಟ್ಟ. ಅಯಸ್ಕಾಂತ ಟಪ್ಪೆಂದು ಕಚ್ಚಿತು. ನನಗೆ ಹೋದ ಜೀವ ಬಂದಂತಾಯಿತು. ಅತ್ತೆಗೆ ಅಷ್ಟು ಸಾಲದು. ಹಿಟ್ಟು ತಿರುವುವಾಗ ತಪ್ಪಲೆಯನ್ನು ಕೆಳಗಿಳಿಸಿ, ಎರಡು ಪಾದದ ನಡುವೆ ಅದುಮಿ ಹಿಡಿದು, ಕೋಲಿನಿಂದ ಮೈಭಾರವೆಲ್ಲ ಹಾಕಿ ತೊಳಸಬೇಕಲ್ಲ, ಅದನ್ನು ಪರೀಕ್ಷಿಸಲು ಅಂಗಡಿಯ ನಡುವೆ ನೆಲಕ್ಕೆ ಕೂತೇಬಿಟ್ಟರು. ಸೀರೆ ಸರಿಮಾಡಿಕೊಂಡು, ಪಾತ್ರೆಯನ್ನು ಪಾದದಲ್ಲಿ ಹಿಡಿದು, ಒಂದು ಲಟ್ಟಣಿಗೆ ತಗೊಂಡು ಇಲ್ಲದ ಹಿಟ್ಟನ್ನು ತಿರುವತೊಡಗಿದರು. ಮದುವೆಯವರು ಸುತ್ತ ನಿಂತು ನೋಡಿದರು. ನಾಲ್ಕನೆಯ ಸುತ್ತಿಗೆ ಪಾತ್ರೆಯ ಹಿಡಿ ಕಳಚಿ ಬಿತ್ತು.

"ಇದ್ರಲ್ಲಿ ಚಿತ್ರಾನ್ನ ಕಲಸ್ಬೋದು, ಅಷ್ಟೇಯ" ಅಂತ ಅತ್ತೆ ಎದ್ದರು. "ಒಟ್ಟೆಗಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಊವು ಅಂದಂಗಾಯ್ತು." ಅಂಗಡಿಯವನು ನಮಗೆ ಕೈಮುಗಿದ. ನಾನು ಮುಖ ಮುಚ್ಚಿಕೊಂಡು ಹೊರಗೆ ಬಂದೆ.

ಶುಕ್ರವಾರ ಸಂಜೆ ಅತ್ತೆ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿದ್ದರು. ನಮ್ಮ ಮದುವೆಗೆ ಮುಯ್ಯಿಯಾಗಿ ಬಂದವು. ಪ್ರತಿಯೊಂದರ ಮೇಲೂ ಕೊಟ್ಟವರ ಹೆಸರಿನ ಕೆತ್ತನೆ ಇತ್ತು. ಅತ್ತೆ ಒಂದೊಂದಕ್ಕೂ ಅಯಸ್ಕಾಂತ ಹಿಡಿದು ಎರಡು ಸಾಲು ಮಾಡಿದ್ದರು. ಅಂಟಿದ ಪಾತ್ರೆಯವರು ನಿಯತ್ತಿನ ನೆಂಟರು, ಅಂಟದವರು ಮೋಸಗಾರರು. ನನ್ನ ತವರಿನ ಪಾತ್ರೆಗಳು ಏಳೂ ಮೋಸಗಾರರ ಸಾಲಿನಲ್ಲಿದ್ದವು.

"ಒಳ್ಳೆ ಸ್ಟೀಲಿಗೆ ಅಂಟಲ್ಲ ಅಂತ ಅಂಗಡಿಯವ್ನು ಬಡ್ಕೊಂಡಿದ್ದು ಕೇಳ್ಸಿಲ್ವಾ?" ಅಂದೆ ನಾನು.

"ನಿಮ್ಮಪ್ಪನ ಮನೆಯೋರು ಯಾವತ್ತು ಅಂಟ್ಕೊಂಡವ್ರೆ ಯೋಳು" ಅಂದರು ಅತ್ತೆ.

ನನಗೂ ರೇಗಿತು. ಅವರ ಸಾಲಿನ ಚೊಂಬು, ಬಟ್ಟಲುಗಳನ್ನು ತೋರಿಸಿ, ನಿಮ್ಮ ನಿಯತ್ತಿನವರೆಲ್ಲ ಸೇರಿ ಒಂದು ಹಿಟ್ಟು ತಿರುವುವ ತಪ್ಪಲೆ ಕೊಟ್ಟಿದ್ದಾರಾ ನೋಡಿ ಅಂದೆ. ಅತ್ತೆ ನೋಡಿದರು. ಅಂಟಿದವೆಲ್ಲ ಅಂಗೈಯಗಲದವು, ಒಂದೂ ಹಿಟ್ಟಿಗಾಗುವಷ್ಟು ದೊಡ್ಡದಿರಲಿಲ್ಲ. ಅವರ ಮುಖ ಸಣ್ಣದಾಯಿತು. ಅಯಸ್ಕಾಂತವನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡು ಎದ್ದು ಕೊಟ್ಟಿಗೆಗೆ ಹೋದರು. ಆಡಿದ ಮಾತು ನನಗೇ ಚುಚ್ಚಿತು, ಹಿಂದೆಯೇ ಹೋದೆ.

ಅತ್ತೆ ಹಸುವಿನ ಮುಂದಿನಿಂದ ದಾಟುತ್ತಿದ್ದರು. ಸೆರಗಿನ ಗಂಟು ಠಣ್ಣೆಂದು ಹಾರಿ ಬೂಸಾ ಕಲಸುವ ತಪ್ಪಲೆಗೆ ಬಡಿಯಿತು, ಬಿಡಲೇ ಇಲ್ಲ. ಹಸು ಬೆದರಿತು. ನಾನು ಬೂಸಾ ಸುರಿದು ತಪ್ಪಲೆಯನ್ನು ತಿರುಗಿಸಿ ನೋಡಿದೆ. ಅಗಲ ಬಾಯಿ, ಕೈಬೆರಳು ದಪ್ಪದ ಅಂಚು, ತಳ ರೊಟ್ಟಿ ಹೆಂಚಿನಂತೆ ಮಟ್ಟಸ. ಪಕ್ಕದಲ್ಲಿ ಅತ್ತೆಯ ತಂಗಿಯ ಹೆಸರು. ಅವರು ಮಳವಳ್ಳಿಯವರು. ಈ ತಪ್ಪಲೆ ಮೊದಲ ವರ್ಷವೇ ತುಕ್ಕು ಹಿಡಿಯಿತೆಂದು ಅತ್ತೆ, ಹಾಳು ತಗಡು ಕೊಟ್ಟಳು ಅಂತ ಊರಿಗೆಲ್ಲ ಸಾರಿ, ಅಕ್ಕತಂಗಿಯರಿಗೆ ಮಾತು ನಿಂತುಹೋಗಿತ್ತು. ತಪ್ಪಲೆಯನ್ನು ಹಸುವಿಗೆ ಕೊಟ್ಟಿದ್ದೂ ಅದೇ ಸಿಟ್ಟಿನಲ್ಲಿ.

ಅತ್ತೆ ಹೆಸರನ್ನು ನೋಡಿದರು, ಹಸುವನ್ನು ನೋಡಿದರು. "ತೊಳಿ" ಅಂದರು ನನಗೆ. ಶನಿವಾರವೂ ರಜೆ ಮಾಡಿ ದಿನವೆಲ್ಲ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ತಂಗಿಗೆ ಫೋನು ಹಚ್ಚಿಕೊಡು ಅಂದರು ಸಂಜೆ. ಆ ಕಡೆಯಿಂದ ಹಲೋ ಅಂದ ಕೂಡಲೇ, "ಲೇ, ನಿನ್ ತಪ್ಲೆ ಅಂಟ್ತದೆ ಕಣೇ" ಅಂತ ಕೂಗಿ ಫೋನು ಇಟ್ಟುಬಿಟ್ಟರು. ತಂಗಿಗೆ ಏನು ಅರ್ಥವಾಯಿತೋ, ಅಕ್ಕನಿಗೆ ಹುಷಾರಿಲ್ಲವೆಂದು ತಿಳಿದು, ತಾವೇ ತಿರುಗಿ ಫೋನು ಮಾಡಿ ಅರ್ಧ ಗಂಟೆ ನನ್ನನ್ನು ವಿಚಾರಿಸಿದರು.

ಭಾನುವಾರ ಮಧ್ಯಾಹ್ನ ಒಲೆಯನ್ನು ನೆಲದ ಮೇಲಿಟ್ಟು, ತಂಗಿಯ ತಪ್ಪಲೆಯಲ್ಲಿ ನೀರಿಟ್ಟೆವು. ಒಲೆ ಕೂಗಲಿಲ್ಲ. ನೀರು ಕುದಿಯಿತು. ಅತ್ತೆ ರಾಗಿಹಿಟ್ಟು ಸುರಿದು ನಡುವೆ ಕೋಲು ನೆಟ್ಟರು. ಬೆಂದ ಮೇಲೆ ತಪ್ಪಲೆ ಇಳಿಸಿ ಪಾದದ ನಡುವೆ ಹಿಡಿದರು. ಪಾತ್ರೆ ಕಾಣದೆ ಒಲೆ ಕುಂಯ್ ಕುಂಯ್ ಅಂತ ಅಳಲು ಶುರುಮಾಡಿತು. "ತಡೀಲಾ, ಬತ್ತೀನಿ!" ಅಂತ ಅತ್ತೆ ತಿರುವುತ್ತಲೇ ಗದರಿದರು. ಮತ್ತೆ ಬೇಯಲು ಇಟ್ಟಾಗ ಅದು ಮುನಿಸಿಕೊಂಡು ಆರಿತ್ತು. ನಾನು ಗುಂಡಿ ಒತ್ತಿದೆ. ಹೀಗೆ ಮೂರು ಸಲ. ಅವರು ಇಳಿಸುವುದು, ಅದು ಅಳುವುದು, ಇವರು ಬಯ್ಯುವುದು, ನಾನು ಗುಂಡಿ ಒತ್ತುವುದು. ಅತ್ತೆಯ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು, ಆದರೆ ಕೋಲು ಬಿಡಲಿಲ್ಲ.

ಯಜಮಾನರು ತಟ್ಟೆಯ ಮುಂದೆ ಕೂತರು. ಬಸ್ಸಾರಿನಲ್ಲಿ ಅದ್ದಿ ಮೊದಲ ತುತ್ತು ನುಂಗಿದರು. ಅದು ಗಂಟಲಲ್ಲೇ ಅರ್ಧಕ್ಕೆ ನಿಂತಿತು. ನೀರು ಕುಡಿದರು. ನಾನೂ ನುಂಗಿದೆ. ಹಿಟ್ಟು ಗಂಟಾಗಿತ್ತು. ಅತ್ತೆಯ ಕೈಯಲ್ಲಿ ಹಿಟ್ಟು ಗಂಟಾಗಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಯಜಮಾನರು ನನ್ನ ಮುಖ ನೋಡಿದರು. ನಾನು ಕಣ್ಣಲ್ಲೇ ಬೇಡಿಕೊಂಡೆ.

"ಚೆನ್ನಾಗದೆ ಕಣವ್ವ" ಅಂದರು ಅವರು.

"ಯಾಕ್ಲಾ ಸುಳ್ಳೇಳ್ತೀಯ? ಗಂಟಾಗದೆ." ಅತ್ತೆ ತಮ್ಮ ತುತ್ತನ್ನು ನಿಧಾನವಾಗಿ ನುಂಗಿದರು. ಆಮೇಲೆ ಒಲೆಯ ತಲೆಯ ಮೇಲೆ ಕೈಯಿಟ್ಟು ಸವರಿದರು. "ಬಯ್ಬ್ಯಾಡಿ ಅದ್ಕೆ. ಒಸ್ದಾಗಿ ಬಂದದೆ. ಕಲೀತದೆ ಬುಡಿ, ನಾನು ಯೋಳ್ಕೊಡ್ತೀನಿ."

ಯಜಮಾನರು ತಲೆ ತಗ್ಗಿಸಿ ಉಂಡರು, ವಾಪಸ್ಸಿನ ಮಾತೆತ್ತಲಿಲ್ಲ. ನನಗೆ ಮಾತ್ರ ತಡೆಯಲಾಗದಷ್ಟು ಹೊಟ್ಟೆಕಿಚ್ಚಾಯಿತು. ನಾನು ಈ ಮನೆಗೆ ಹೊಸದಾಗಿ ಬಂದು ಮೊದಲ ಸಲ ಹಿಟ್ಟು ಗಂಟು ಮಾಡಿದಾಗ, ಇದೇ ಹೆಂಗಸು ತಟ್ಟೆಯನ್ನು ಹಿತ್ತಲಿಗೆ ಎಸೆದಿದ್ದರು. ಆದರೂ ನನ್ನ ತಟ್ಟೆಯನ್ನು ಅತ್ತೆಯ ಮುಂದೆ ಚಾಚಿ, "ಇನ್ನೊಂದು ಇಕ್ಕಿ ನಂಗೆ" ಅಂದೆ.