ಕನ್ನಡಿಯಲ್ಲಿ ಮೂರು ನಲವತ್ತು

ಉಸಿರನ್ನಿತ್ತವನಿಗೆ, ಉಸಿರನ್ನು ಮಾತಾಗಿಸಿದ ತಾಯಿಗೆ, ಹೋಗಿದ್ದ ಮಾತನ್ನು ಮರಳಿ ದೊರಕಿಸಿದ ಕೈಗಳಿಗೆ ಮೊದಲು ನಮಸ್ಕರಿಸುತ್ತೇನೆ. ಈ ಮೂರರಲ್ಲಿ ಯಾವುದು ಹಿರಿದೆಂದು ಕೇಳಿದರೆ, ಶಾಸ್ತ್ರ ಓದಿ ತಲೆ ನರೆತ ನನಗೂ ಉತ್ತರ ತಿಳಿಯದು.

ಆ ಕೈಗಳಿಗೆ ಪಟಿಕದ ವಾಸನೆಯಿತ್ತು. ಬೆರಳ ತುದಿಗಳು ದಿನವೆಲ್ಲ ನೀರಿನಲ್ಲಿ ನೆನೆದು ಬಿಳಿಚಿದ್ದವು. ಎಡಗೈಯ ಹೆಬ್ಬೆರಳು ಮಾತ್ರ ಹೊಳೆಗಲ್ಲಿನಂತೆ ಚಪ್ಪಟೆಯಾಗಿ ನುಣುಪಾಗಿತ್ತು. ಅದು ದವಡೆಯನ್ನು ಒತ್ತಿ ಚರ್ಮವನ್ನು ಬಿಗಿ ಮಾಡಿದರೆ ಕತ್ತಿ ಹಾದುಹೋದದ್ದೇ ಅರಿವಾಗುತ್ತಿರಲಿಲ್ಲ.

ಇಂಡಿ ಪಟ್ಟಣದ ಬಸ್ ನಿಲ್ದಾಣದ ಎದುರು ಓಣಿಯಲ್ಲಿ ಅವರ ಕ್ಷೌರದ ಅಂಗಡಿ. ಊರಿಗೆಲ್ಲ ಅವರು ಚಾಚಾ. ವಯಸ್ಸಿನಲ್ಲಿ ಎರಡು ವರ್ಷ ಹಿರಿಯನಾದ ನನಗೂ ಚಾಚಾ. ನಾನು ಪಾಠಶಾಲೆಯಲ್ಲಿ ಸಂಸ್ಕೃತ ಕಲಿಸಿ, ನಿವೃತ್ತನಾದ ಮೇಲೆ ಶ್ರಾವಣದಲ್ಲಿ ಪುರಾಣ ಹೇಳುತ್ತಿದ್ದವನು. ಬುಧವಾರ ಮತ್ತು ರವಿವಾರ ಮುಂಜಾನೆ ಅವರ ಕುರ್ಚಿಯಲ್ಲಿ ಒರಗಿ ಸ್ತೋತ್ರವೊಂದನ್ನು ಮೆಲುದನಿಯಲ್ಲಿ ಹೇಳಿಕೊಳ್ಳುವುದು ನನ್ನ ರೂಢಿ. ಚಾಚಾನಿಗೆ ಸಂಸ್ಕೃತ ಬಾರದು. ಆದರೆ ವರುಷಗಟ್ಟಲೆ ಕೇಳಿ, ಸಾಲು ಎಲ್ಲಿ ಏರುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದು ಅವರ ಕಿವಿಗೆ ಗೊತ್ತಿತ್ತು. ಕತ್ತಿ ಗಂಟಲಿಗೆ ಬಂದಾಗ ನಾನು ಸಾಲು ಮುಗಿಸಿ ನಿಲ್ಲಿಸುವೆನು, ಅವರು ಕತ್ತಿ ಒರೆಸಿಕೊಂಡು, "ಮುಂದ್ರಿ, ಗುರುಗಳ?" ಎನ್ನುವರು.

"ತಿಳೀತದೇನು ಚಾಚಾ?" ಎಂದು ಒಮ್ಮೆ ಕೇಳಿದೆ.

"ತಿಳಿಯೂದು ನಿಮ್ಮ ಕೆಲಸರಿ. ನನ್ನ ಕೈ ಆ ತಾಳಕ್ಕ ನಡೀತೈತಿ. ನೀವು ಸುಮ್ಮ ಕುಂತ ದಿನ ಗೀರು ಬೀಳ್ತಾವು, ನೋಡ್ರಿ ಬೇಕಾರ."

ಕ್ಷೌರ ಮುಗಿದ ಮೇಲೆ ಕುತ್ತಿಗೆಯ ನೆಟಿಗೆ ಮುರಿಯುವುದೊಂದು ಪದ್ಧತಿ. ಒಂದು ಕೈ ಗದ್ದಕ್ಕೆ, ಇನ್ನೊಂದು ನೆತ್ತಿಗೆ; ಎಡಕ್ಕೊಮ್ಮೆ, ಬಲಕ್ಕೊಮ್ಮೆ ಫಟ್ಟನೆ ತಿರುವು. ಅದಿಲ್ಲದೆ ಕುರ್ಚಿಯಿಂದ ಎದ್ದವನು ನಮ್ಮ ಕಡೆ ಅರ್ಧ ಊಟಕ್ಕೆ ಎದ್ದವನಂತೆ. ಕೊನೆಯ ವರ್ಷಗಳಲ್ಲಿ ಚಾಚಾ ಹಿಂಜರಿಯುತ್ತಿದ್ದರು. "ವಯಸ್ಸಾತ್ರಿ ಗುರುಗಳ. ಇನ್ನ ಇದು ಬಿಡೂಣು." ಬಿಡದವನು ನಾನು. ಒಂದು ರವಿವಾರ, "ಪುರಾಣ ಓದಿ ಕುತ್ತಿಗಿ ಹಿಡದೈತಿ. ಜೋರಾಗಿ ತಿರುವ್ರಿ" ಎಂದೆ. ಆ ರವಿವಾರ ಸದ್ದಿನ ಜೊತೆಗೆ ಎಡಗಿವಿಯ ಕೆಳಗೆ ಬಿಸಿಯಾದ ಎಳೆಯೊಂದು ಹರಿದಂತಾಯಿತು. ಮೂರು ದಿನ ಅದೇ ಜಾಗದಲ್ಲಿ ನೋವು. ಎಣ್ಣೆ ಹಚ್ಚಿಕೊಂಡು, ಯಾರಿಗೂ ಹೇಳದೆ ಸುಮ್ಮನಿದ್ದೆ.

ಬುಧವಾರ ಮತ್ತೆ ಅದೇ ಕುರ್ಚಿ. ಎಡಗೆನ್ನೆ ಮುಗಿದಿತ್ತು, ಬಲಗೆನ್ನೆಯ ತುಂಬ ನೊರೆ. ಹಿಂದಿನ ಗೋಡೆಯ ಗಡಿಯಾರ ಎದುರಿನ ಕನ್ನಡಿಯಲ್ಲಿ ತಿರುವುಮುರುವಾಗಿ ಕಾಣುತ್ತಿತ್ತು. ಅದರ ಮುಳ್ಳುಗಳು ಸದಾ ಹಿಂದಕ್ಕೆ ನಡೆಯುತ್ತಿದ್ದವು. ಅಲ್ಲಿ ಮೂರು ನಲವತ್ತು. ಸ್ತೋತ್ರದ ಸಾಲಿನ ನಡುವೆ ನನ್ನ ಮಾತು ನಿಂತಿತು. ಪದವು ಮನಸ್ಸಿನಲ್ಲಿ ದೀಪದಂತೆ ಬೆಳಗುತ್ತಿತ್ತು. ನಾಲಿಗೆಗೆ ಅಲ್ಲಿಗೆ ಹೋಗುವ ಬಾಗಿಲು ಸಿಗಲಿಲ್ಲ. ಬಲಗೈ ಬೇರೆ ಯಾರದೋ ಕೈಯಂತೆ ಕುರ್ಚಿಯಿಂದ ಜಾರಿತು. ನನಗೆ ಭಯವಾಗಲಿಲ್ಲ. ಕೆರೆಯ ತಳದಲ್ಲಿ ಮಲಗಿ ಮೇಲಿನ ಬೆಳಕನ್ನು ನೋಡುತ್ತಿರುವಂತಿತ್ತು.

"ಮುಂದ್ರಿ?" ಎಂದರು ಚಾಚಾ. ಸಾಲು ಮುಗಿಯದೆ ನಾನು ನಿಲ್ಲಿಸುವವನಲ್ಲ. ಮತ್ತೊಮ್ಮೆ, "ಮುಂದ್ರಿ, ಗುರುಗಳ?" ನೊರೆಯೊಳಗೆ ನನ್ನ ಬಾಯಿಯ ಬಲತುದಿ ಕೆಳಗಿಳಿಯುವುದನ್ನು ಕಂಡರು. ಒಮ್ಮೆ ಕನ್ನಡಿಯ ಗಡಿಯಾರದತ್ತ ನೋಡಿದರು. ಆಮೇಲೆ ಓಡಿಹೋಗಿ ನನ್ನ ತಮ್ಮನನ್ನು ಕರೆದರು. ಅವನು ನಿಂಬೆ ಬೆಳೆದು ಮಾರುವವನು; ಅವನ ಟೆಂಪೊ ಓಣಿಯ ತುದಿಯಲ್ಲಿಯೇ ನಿಂತಿತ್ತು.

ನಿಂಬೆಯ ಚೀಲಗಳ ನಡುವೆ ಚಾಚಾನ ತೊಡೆಯ ಮೇಲೆ ತಲೆಯಿಟ್ಟು ವಿಜಾಪುರದ ದಾರಿ ಹಿಡಿದೆ. ಬೇವಿನ ಕೊಂಬೆಗಳು ಒಂದೊಂದಾಗಿ ಬಂದು ಮುಖ ನೋಡಿ ಹಿಂದೆ ಸರಿಯುತ್ತಿದ್ದವು. ಅರ್ಧ ಮುಖದ ನೊರೆ ಗಾಳಿಗೆ ಒಣಗಿ ಬಿಗಿಯಾಯಿತು. ನಿಂಬೆಯ ಪರಿಮಳ ಎಷ್ಟು ದಟ್ಟವಾಗಿತ್ತೆಂದರೆ, ಪೂಜೆಯ ಮನೆಯಲ್ಲಿ ಮಲಗಿರುವೆನೆಂದೇ ಭಾವಿಸಿದೆ. ನಡುನಡುವೆ ಹೆಬ್ಬೆರಳೊಂದು ನನ್ನ ಹಣೆಯನ್ನು ಸವರುತ್ತಿತ್ತು.

ಆಸ್ಪತ್ರೆಯಲ್ಲಿ ಸಿಂದಗಿ ಕಡೆಯ ಯುವ ವೈದ್ಯೆಯೊಬ್ಬರಿದ್ದರು. ಮಾತಾಡಲಾಗದಿದ್ದರೂ ಎಲ್ಲವೂ ನನಗೆ ಕೇಳುತ್ತಿತ್ತು.

"ಕಡೀಕ ಸರಿಯಾಗಿ ಮಾತಾಡಿದ್ದು ಎಷ್ಟಕ್ಕ?" ಎಂದು ಅವರು ಕೇಳಿದರು.

"ಮುಂಜಾನೆರಿ" ಎಂದ ತಮ್ಮ.

"ಮುಂಜಾನಿ ಅಂದ್ರ ಹ್ಯಾಂಗ್ರಿ? ಇದು ಲಕ್ವಾ. ಹೆಪ್ಪು ಕರಗಸೂ ಔಷಧ ನಾಲ್ಕೂವರಿ ತಾಸಿನೊಳಗ ಕೊಡಬೇಕು. ವ್ಯಾಳೆ ಗೊತ್ತಿಲ್ಲಂದ್ರ ಕೊಡಾಕ ಬರಾಂಗಿಲ್ಲ."

ಬಾಗಿಲ ಬಳಿಯಿಂದ ಚಾಚಾ ಹೇಳಿದರು: "ಎಂಟೂ ಇಪ್ಪತ್ರಿ. ಕನ್ನಡ್ಯಾಗ ಮೂರು ನಲವತ್ತಿತ್ತು. ನಾ ಗಡಿಯಾರ ನೋಡೂದು ಕನ್ನಡ್ಯಾಗ. ಇವ್ರು ಸಾಲು ಮುಗಿಸಿದ್ದಿಲ್ರಿ."

ವೈದ್ಯೆ ಬರೆದುಕೊಂಡರು. "ಬಿದ್ದಿದ್ರೇನು? ಕುತ್ತಿಗಿಗೆ ಪೆಟ್ಟು?"

"ಏನೂ ಇಲ್ರಿ" ಎಂದ ತಮ್ಮ. ಮಾತು ಅಲ್ಲಿಗೇ ಮುಗಿಯಬಹುದಿತ್ತು. ರವಿವಾರದ ಸಂಗತಿ ಬಲ್ಲವರು ಇಬ್ಬರೇ. ಅವರಲ್ಲಿ ಒಬ್ಬನಿಗೆ ಬಾಯಿಯಿಲ್ಲ. ಚಾಚಾ ಎರಡು ಹೆಜ್ಜೆ ಮುಂದೆ ಬಂದು ಅಂಗೈಗಳನ್ನು ಮೇಲೆ ಮಾಡಿ ತೋರಿಸಿದರು.

"ಬಿದ್ದಿಲ್ರಿ ಡಾಕ್ಟರ್ ಬಾಯಾರ. ನಾನ ತಿರುವೀನಿ. ರವಿವಾರ, ಈ ಕೈಲೆ."

ತಮ್ಮ ಅವರ ಅಂಗಿಯ ಕೊರಳಪಟ್ಟಿ ಹಿಡಿದ. "ನಮ್ಮಣ್ಣನ ಬಾಯಿ ಕಸಗೊಂಡು, ಈಗ ಹೇಳ್ತೀಯೇನು?"

"ಕೈ ಬಿಡ್ರಿ" ಎಂದರು ವೈದ್ಯೆ, ದನಿ ಏರಿಸದೆ. "ಇವರು ಹೇಳಿದ್ದು ಛಲೋ ಆತು. ತಲಿ ಜೋಡಿ ಕುತ್ತಿಗಿನೂ ಸ್ಕ್ಯಾನ್ ಮಾಡೂಣು."

ಸ್ಕ್ಯಾನಿನಲ್ಲಿ ಕಂಡದ್ದು ಇಷ್ಟು: ಎಡಗೊರಳ ರಕ್ತನಾಳದ ಒಳಪದರ ಸೀಳಿತ್ತು, ಅಲ್ಲಿ ಕಟ್ಟಿದ ಹೆಪ್ಪಿನ ಚೂರು ಮೇಲೇರಿ ಮಿದುಳಿನ ದಾರಿಯನ್ನು ಮುಚ್ಚಿತ್ತು.

"ಸೀಳಿದ ನಾಳಕ್ಕ ಕರಗಸೂ ಔಷಧ ಕೊಟ್ರ ಇನ್ನೂ ಸೀಳಾಂಗಿಲ್ಲೇನ್ರಿ?" ತಮ್ಮ ಸಹಿಯ ಕಾಗದವನ್ನು ಮೊದಲಿಂದ ಇನ್ನೊಮ್ಮೆ ಓದಿದ.

"ಸೀಳು ಕುತ್ತಿಗ್ಯಾಗ ಐತಿ, ತಲಿಯೊಳಗಿಲ್ಲ. ಇಂಥಾವರಿಗೂ ಕೊಡ್ತೀವ್ರಿ. ಮಿದುಳಾಗ ರಕ್ತ ಸೋರೂ ಅಪಾಯ ಇದ್ದ ಐತಿ. ಇಲ್ಲಂತ ನಾ ಹೇಳಾಂಗಿಲ್ಲ. ಕೊಡಲಿಲ್ಲಂದ್ರ ಮಾತು ಬರೂದು ಕಷ್ಟ."

ತಮ್ಮ ನನ್ನ ಮುಖ ನೋಡಿದ. ಆಮೇಲೆ ಚಾಚಾನ ಮುಖ ನೋಡಿದ. ಸಹಿ ಹಾಕಿದ.

ಔಷಧ ತೋಳಿನೊಳಗೆ ತಣ್ಣಗೆ ಇಳಿಯಿತು. ನಾನು ಕೆರೆಯ ತಳದಲ್ಲಿಯೇ ಇದ್ದೆ. ಹೊತ್ತು ಇಳಿಯುವಾಗ ನೀರು ತೆಳುವಾಗುತ್ತ ಬಂದಿತು. ಬಲಗೈಯ ಕಿರುಬೆರಳು ಹಾಸಿಗೆಯ ಅಂಚನ್ನು ಗುರುತಿಸಿತು. ಆಗ ಚಾಚಾನನ್ನು ಒಳಗೆ ಬಿಟ್ಟರು. ಅವರು ಕ್ಷಮೆ ಕೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮಂಚದ ಬಳಿ ನಿಂತು, ಕತ್ತಿ ಒರೆಸಿಕೊಂಡವರ ದನಿಯಲ್ಲಿ, "ಮುಂದ್ರಿ, ಗುರುಗಳ?" ಎಂದರು.

ಬೆಳಿಗ್ಗೆ ನಿಂತಿದ್ದ ಸಾಲಿನ ಉಳಿದರ್ಧ ನನ್ನ ಬಾಯಿಂದ ಹೊರಟಿತು. ತೊದಲಾಗಿತ್ತು, ಒಂದು ಮಹಾಪ್ರಾಣವೂ ಸರಿಯಿರಲಿಲ್ಲ. ನನ್ನ ಶಿಷ್ಯನಾಗಿದ್ದರೆ ಕಿವಿ ಹಿಂಡುತ್ತಿದ್ದೆ. ಚಾಚಾ ಗೋಡೆಯತ್ತ ತಿರುಗಿ ನಿಂತರು. ಅವರ ಬೆನ್ನು ಬಹಳ ಹೊತ್ತು ಅಲುಗಾಡುತ್ತಿತ್ತು.

ರಕ್ತ ಸೋರೀತೆಂದು ಕೆಲದಿನ ಕತ್ತಿ ಮುಟ್ಟಿಸಬಾರದೆಂದಿದ್ದರು. ಒಂದು ಕೆನ್ನೆಯ ಗಡ್ಡ ಇನ್ನೊಂದಕ್ಕಿಂತ ಮುಂದೆ ಬೆಳೆಯುತ್ತಿದ್ದ ಆ ದಿನಗಳಲ್ಲಿ, ತಿರುವಲು ಹೇಳಿದವನು ನಾನೇ ಎಂದು ತಮ್ಮನಿಗೆ ತಿಳಿಸಿದೆ. ಅವನು ಒಂದು ಬುಟ್ಟಿ ನಿಂಬೆಯನ್ನು ಚಾಚಾನ ಮನೆಗೆ ತಾನೇ ಹೊತ್ತುಕೊಂಡು ಹೋಗಿ ಕೊಟ್ಟ. ಸೀಳು ತಿರುವಿದ್ದರಿಂದಲೇ ಆಯಿತೆಂದು ನಿಶ್ಚಯವಾಗಿ ಹೇಳಲಾಗದೆಂದು ವೈದ್ಯೆ ಹೇಳಿದ್ದರು. ಚಾಚಾ ಆ ಸಮಾಧಾನವನ್ನು ಒಪ್ಪಿಕೊಳ್ಳಲಿಲ್ಲ.

ಅಂಗಡಿಗೆ ರಜೆಯಿರುವ ಮಂಗಳವಾರಗಳಂದು ಅವರು ಬೇರೆ ಊರುಗಳ ಕ್ಷೌರಿಕರನ್ನು ಕಾಣಲು ಬಸ್ ಹತ್ತತೊಡಗಿದರು. ಸಾಕ್ಷಿಗೆ ನಾನೂ ಜೊತೆಗೆ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಒಮ್ಮೆ ಹೂವಿನ ಹಿಪ್ಪರಗಿ. ಅಲ್ಲಿಯ ಅಂಗಡಿ ಮುಚ್ಚಿದ್ದರೆ ಕ್ಷೌರಿಕರ ಮನೆಯ ಕಟ್ಟೆಯಲ್ಲಿ ಕುಳಿತು ಅದೇ ಎರಡು ಮಾತು: ಕುತ್ತಿಗೆ ತಿರುವಬೇಡಿ, ಕುರ್ಚಿಯಲ್ಲಿ ಯಾರದಾದರೂ ಬಾಯಿ ಸೊಟ್ಟಗಾದರೆ ಮೊದಲು ಗಡಿಯಾರ ನೋಡಿ, ಕೂಡಲೇ ದವಾಖಾನೆಗೆ ಒಯ್ಯಿರಿ. ಆಮೇಲೆ, ಮಾತು ಮರಳಿದೆಯೆಂದು ತೋರಿಸಲು, ನಾನು ಒಂದು ಶ್ಲೋಕ ಹೇಳಬೇಕು.

ಮುದ್ದೇಬಿಹಾಳದಲ್ಲಿ ಒಬ್ಬ ನಕ್ಕ. "ನೀ ತಿರುವಿ ಕೆಡಿಸಿ, ಈಗ ನಮಗ ಬುದ್ಧಿ ಹೇಳಾಕ ಬಂದೀಯೇನು ಚಾಚಾ?"

"ಹೌದಪಾ. ಕೆಡಿಸಿದಾಂವ ಹೇಳಬೇಕು. ಇಲ್ಲಂದ್ರ ನೀನೂ ಕೆಡಿಸಿ ಕಲೀಬೇಕಾಕ್ಕೈತಿ."

ಬುಧವಾರದ ಕ್ಷೌರ ಮಾತ್ರ ತಪ್ಪಲಿಲ್ಲ. ನೆಟಿಗೆ ಮುರಿಯುವ ಹೊತ್ತು ಬಂದಾಗ ಅವರು ಎರಡೂ ಕೈಗಳನ್ನು ನನ್ನ ಕೊರಳ ಎರಡು ಬದಿಗೆ ಇಟ್ಟು, ತಿರುವದೆ, ಒಂದು ಕ್ಷಣ ಸುಮ್ಮನೆ ನಿಲ್ಲುವರು. ಹೆಬ್ಬೆರಳ ಕೆಳಗೆ ನಾಡಿ ಹರಿಯುವುದು ನನಗೂ ತಿಳಿಯುತ್ತಿತ್ತು. ಆಮೇಲೆ ಟವೆಲ್ ಜಾಡಿಸಿ, "ಏಳ್ರಿ" ಎನ್ನುವರು.

ಹೋದ ಚಳಿಗಾಲದಲ್ಲಿ ಎದೆಯ ಕಫದಿಂದ ಅವರು ಹಾಸಿಗೆ ಹಿಡಿದರು. ಕೊನೆಯ ಸಲ ಹೋದಾಗ ಮಾತಾಡುವ ಶಕ್ತಿಯಿರಲಿಲ್ಲ. ನಾನು ಬಾಗಿ ಕುಳಿತೆ. ಅವರ ಎಡಗೈ ನಿಧಾನವಾಗಿ ಎದ್ದು ನನ್ನ ಕಿವಿಯ ಕೆಳಗೆ ಬಂದು ನಿಂತಿತು. ನಾನು ಸ್ತೋತ್ರ ಆರಂಭಿಸಿದೆ. ಎಲ್ಲಿಯೂ ನಿಲ್ಲಿಸದೆ, ಅವರು ಕೇಳುವ ಅಗತ್ಯವೇ ಬರದಂತೆ, ಕೊನೆಯ ಸಾಲಿನವರೆಗೆ ಹೇಳಿದೆ. ಮರುದಿನ ಮಧ್ಯಾಹ್ನ ಅವರ ಗೋರಿಗೆ ನಾನೂ ತಮ್ಮನೂ ಮೂರು ಹಿಡಿ ಮಣ್ಣು ಹಾಕಿದೆವು.

ಗಡಿಯಾರವನ್ನು ಓದಿದ ಆ ಕಣ್ಣಿಗೆ ಬೆಳಕಿರಲಿ. ಸತ್ಯವನ್ನು ಕೇಳಿಸಿಕೊಂಡು ತಡಮಾಡದ ಆ ವೈದ್ಯೆಯ ವಿದ್ಯೆ ಬೆಳೆಯಲಿ. ಕೊರಳಪಟ್ಟಿ ಹಿಡಿದು, ಅದೇ ಕೈಯಿಂದ ಸಹಿ ಹಾಕಿದ ತಮ್ಮನ ಗಿಡಗಳು ಕಾಯಿ ಹೊರಲಿ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಮನುಷ್ಯನ ಕೊರಳು ಮುಟ್ಟುವ ಕೈಗಳೆಲ್ಲ ಮೃದುವಾಗಿರಲಿ. ಅವುಗಳ ಕೆಳಗೆ ಯಾರ ಸಾಲೂ ನಡುವೆ ನಿಲ್ಲದಿರಲಿ.